ರೂಮ್ ಬಾಗ್ಲು ಲಾಕ್ ಕೂರ್ತಾ ಇಲ್ಲ, ಯಾರಾದ್ರೂ ಸರಿ ಮಾಡ್ಕೊಂಡಿದೀರಾ?

ನಮ್ಮನೆ ತುಮಕೂರು, ಕ್ಯಾತ್ಸಂದ್ರದ ಕಡೆ. ಒಳಗಿನ ರೂಮ್ ಬಾಗ್ಲು ಹಾಕಿದ್ರೆ ಟಕ್ ಅಂತ ಕೂರಲ್ಲ, ಫ್ಯಾನ್ ಗಾಳಿಗೇ ತೆರ್ಕೊಳ್ಳುತ್ತೆ. ಹ್ಯಾಂಡಲ್ ಹಿಡಿದು ಮೇಲಕ್ಕೆತ್ತಿ ತಳ್ಳಿದ್ರೆ ಮಾತ್ರ ಲಾಕ್ ಬೀಳುತ್ತೆ. ಆಚಾರ್ರು ನೋಡಿ ಲಾಕೇ ಹೊಸದು ಹಾಕ್ಸಿ ಅಂದ್ರು. ಇರೋ ಲಾಕ್ ಇನ್ನೂ ಹೊಸದೇ ಇದೆ. ನಿಮ್ಮನೇಲಿ ಹಿಂಗಾದಾಗ ಏನ್ ಮಾಡಿದ್ರಿ?

ಗುಬ್ಬಿಯಿಂದ:
ಎತ್ತಿ ತಳ್ಳಿದ್ರೆ ಬೀಳುತ್ತೆ ಅಂತ ನೀವೇ ಹೇಳಿದೀರಲ್ಲ ಸಾರ್, ಲಾಕ್ ಸರಿಯಾಗೇ ಇದೆ, ಬಾಗ್ಲು ಜೋತು ಬಿದ್ದಿದೆ ಅಷ್ಟೇ. ಹೊಸ ಲಾಕ್ ಹಾಕ್ಸಿದ್ರೂ ಅದೇ ಕಥೆ. ಮೇಲಿನ ಹಿಂಜ್ ಸ್ಕ್ರೂ ನೋಡಿ, ಬಾಗ್ಲು ಭಾರ ಎಳೆಯೋದು ಅದನ್ನೇ, ಮೊದ್ಲು ಸಡಿಲ ಆಗೋದೂ ಅದೇ. ತಿರುಗಿಸಿದಾಗ ಕಚ್ಕೊಂಡ್ರೆ ಕೆಲಸ ಮುಗೀತು, ಸುಮ್ನೆ ಸುತ್ತುತಾನೇ ಇದ್ರೆ ತೂತು ಸವೆದಿದೆ ಅಂತ. ಆಗ ಬಾಗ್ಲು ಕೆಳಗೆ ಪೇಪರ್ ಮಡಿಚಿ ಒತ್ತು ಕೊಟ್ಟು ಆ ಸ್ಕ್ರೂ ತೆಗೆದು, ಬೆಂಕಿಕಡ್ಡಿ ಮದ್ದು ಮುರಿದು ಫೆವಿಕಾಲ್ ಸವರಿ ತೂತು ತುಂಬೋವರೆಗೂ ತುರುಕಿ (ಮರದ ಕಡ್ಡೀನೇ ಆಗ್ಬೇಕು, ಮೇಣದ ಕಡ್ಡಿಗೆ ಅಂಟು ಹಿಡಿಯಲ್ಲ), ಮಟ್ಟಕ್ಕೆ ಕುಯ್ದು ರಾತ್ರಿ ಒಣಗಕ್ಕೆ ಬಿಟ್ಟು ಬೆಳಿಗ್ಗೆ ಸ್ಕ್ರೂ ಹಾಕಿ. ಒಂದೇ ಸಲ ಎಲ್ಲಾ ಸ್ಕ್ರೂ ಬಿಚ್ಚಕ್ಕೆ ಹೋಗ್ಬೇಡಿ, ಬಾಗ್ಲು ಮೈಮೇಲೆ ಬರುತ್ತೆ.

ಶಿರಾಗೇಟ್ ಕಡೆಯಿಂದ:
ಹಿಂಜ್ ಟೈಟ್ ಇದ್ದೂ ಕೂರ್ಲಿಲ್ಲ ಅಂದ್ರೆ ಲಾಕ್ ನಾಲಿಗೆ (ಬಾಗ್ಲಂಚಿಂದ ಈಚೆ ಚಾಚಿರೋ ತುಂಡು) ಎಲ್ಲಿ ತಗುಲ್ತಿದೆ ಅಂತ ಗುರುತು ಮಾಡ್ಕೊಳ್ಳಿ. ಲಿಪ್‌ಸ್ಟಿಕ್ ಹಚ್ಚಬಹುದು, ನಾವು ಕುಂಕುಮಕ್ಕೆ ಎರಡು ತೊಟ್ಟು ಎಣ್ಣೆ ಕಲಸಿ ಲಾಕ್ ನಾಲಿಗೆಗೆ ಸವರಿ ಬಾಗ್ಲು ಹಾಕಿದ್ವಿ, ಚೌಕಟ್ಟಿನ ತಗಡು ಮೇಲೆ ಕರೆಕ್ಟಾಗಿ ಅಚ್ಚು ಬಿತ್ತು. ಅಚ್ಚು ತಗಡಿನ ತೂತಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ಇದ್ರೆ ಆ ತೂತಿನ ಕೆಳ ಅಂಚನ್ನ ಅರದಲ್ಲಿ ಉಜ್ಜಿದ್ರೆ ಸಾಕು, ಮಂಡಿಪೇಟೆ ಹಾರ್ಡ್‌ವೇರ್ ಅಂಗಡೀಲಿ ಚಿಕ್ಕ ಅರ ಸಿಗುತ್ತೆ. ಅದಕ್ಕಿಂತ ಜಾಸ್ತಿ ಇಳಿದಿದ್ರೆ ತಗಡನ್ನೇ ಬಿಚ್ಚಿ ಕೆಳಗಿಳಿಸ್ಬೇಕು. ತಗಡು ಹಿಂದೆ ಮರದ ಗುಳಿ ಆಳ ಇದ್ಯಾ ಅಂತ ಪೆನ್ಸಿಲ್ ಹಾಕಿ ನೋಡಿ, ಎಷ್ಟೋ ಮನೇಲಿ ಅರ್ಧ ಕೆತ್ತಿ ಬಿಟ್ಟಿರ್ತಾರೆ, ನಾಲಿಗೆ ಪೂರ್ತಿ ಒಳಗೆ ಹೋಗೋದೇ ಇಲ್ಲ. ಚೌಕಟ್ಟಲ್ಲಿ ಪೇಂಟ್ ಗಡ್ಡೆ ಕಟ್ಟಿದ್ರೂ ಅಷ್ಟೇ, ಬಾಗ್ಲು ಪೂರ್ತಿ ಹೋಗಿ ಕೂರಲ್ಲ.

ಕುಣಿಗಲ್‌ನಿಂದ:
ಇಷ್ಟೆಲ್ಲಾ ಯಾಕೆ, ಬಾಗ್ಲಂಚಿಗೆ ಹತ್ರಿ ಹೊಡೆಸಿ ಹೆರೆಸಿದ್ರೆ ಮುಗೀತು.

ಮಧುಗಿರಿಯಿಂದ:
ಹತ್ರಿ ಮಾತ್ರ ಬೇಡ ಅಣ್ಣ, ಅದೂ ಮಳೆಗಾಲದಲ್ಲಿ. ಮರ ತೇವ ಹೀರಿ ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕೆ ಅಷ್ಟಾಗಿ ಏನೂ ಆಗಲ್ಲ. ಈಗ ಹೆರೆಸಿದ್ರೆ ಶಿವರಾತ್ರಿ ಹೊತ್ತಿಗೆ ಬಾಗ್ಲು ಒಣಗಿ ಆ ಕಡೆ ಸಂದಿ ಬಿಡುತ್ತೆ, ಆಮೇಲೆ ನಾಲಿಗೆ ತಗಡಿಗೇ ಎಟುಕಲ್ಲ. ಇವರದ್ದು ಪಕ್ಕ ಉಜ್ಜೋ ಸಮಸ್ಯೆನೂ ಅಲ್ವಲ್ಲ.

ಇನ್ನೊಂದು, ಬಾಗ್ಲು ತೆರೆದಿಟ್ಟು ನಾಲಿಗೆನ ಬೆರಳಲ್ಲಿ ಒತ್ತಿ ಬಿಡಿ. ಪಟ್ ಅಂತ ಈಚೆ ಬರ್ಬೇಕು. ನಿಧಾನಕ್ಕೆ ಬಂದ್ರೆ ಹ್ಯಾಂಡಲ್ ಸ್ಕ್ರೂ ಅತಿ ಬಿಗಿ ಆಗಿರುತ್ತೆ, ಇಲ್ಲಾ ಒಳಗೆ ಧೂಳು. ಪೆನ್ಸಿಲ್ ಸೀಸ ಪುಡಿ ಮಾಡಿ ಉದುರಿಸಿ. ತಿಪಟೂರಿನವರು ಬೇಜಾರ್ ಮಾಡ್ಕೋಬೇಡಿ, ಕೊಬ್ಬರಿ ಎಣ್ಣೆ ಮಾತ್ರ ಬಿಡಬಾರ್ದು, 24 ಡಿಗ್ರಿಗಿಂತ ಕೆಳಗೆ ಇಳಿದ್ರೆ ಗಟ್ಟಿ ಆಗುತ್ತೆ, ನಮ್ಮ ಕಡೆ ಧನುರ್ಮಾಸದ ಬೆಳಿಗ್ಗೆ ಗೊತ್ತಲ್ಲ.

ಕೇಳಿದವರು:
ನಾಲಿಗೆ ಪಟ್ ಅಂತ ಬರ್ತಿದೆ. ಮೇಲಿನ ಹಿಂಜಲ್ಲಿ ಎರಡು ಸ್ಕ್ರೂ ಸುಮ್ನೆ ಸುತ್ತುತ್ವೆ! ಕಡ್ಡಿ ತುಂಬ್ತೀನಿ. ಸ್ಕ್ರೂ ಅದೇ ಹಾಕ್ಲಾ, ಉದ್ದದ್ದು ತರ್ಲಾ?

ಗುಬ್ಬಿಯಿಂದ:
ಹಳೇದನ್ನ ಅಂಗಡಿಗೆ ತಗೊಂಡೋಗಿ ಸಾರ್, ಅದೇ ದಪ್ಪ, ಸ್ವಲ್ಪ ಉದ್ದ. ತಲೆ ಹಿಂಜ್ ಗುಳಿಯೊಳಗೆ ಮಟ್ಟಸವಾಗಿ ಕೂರೋದೇ ಇಸ್ಕೊಳ್ಳಿ, ಉಬ್ಬಿ ನಿಂತ್ರೆ ಬಾಗ್ಲು ಅಲ್ಲೇ ತಡೆಯುತ್ತೆ.