ಸಹಾಯ ಬೇಕು: ಕೂಳೆ ಕಬ್ಬಿಗೆ ಗೊಣ್ಣೆಹುಳು, ಹೊಲಕ್ಕೆ ಬಂದು ತೋರಿಸುವವರು ಬೇಕು

ಎಲ್ಲರಿಗೂ ನಮಸ್ಕಾರ. ಹಾವೇರಿ ತಾಲ್ಲೂಕಿನ ನಮ್ಮ ಊರಲ್ಲಿ ಎಕರೆ, ಎರಡೆಕರೆ ಕಬ್ಬಿನವರೇ ಜಾಸ್ತಿ. ಕೂಳೆ ಕಬ್ಬಿಗೆ, ಅಂದರೆ ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕಬ್ಬಿಗೆ, ಬೇರು ತಿನ್ನುವ ಗೊಣ್ಣೆಹುಳು ಬಿದ್ದು ಒಣಗುತ್ತಿದೆ. ಜಗ್ಗಿದರೆ ಬುಡಸಮೇತ ಕೈಗೆ ಬರುತ್ತದೆ, ಬೇರೇ ಇರುವುದಿಲ್ಲ. ಹೊಲಕ್ಕೆ ಬಂದು ನೋಡುವವರಿಲ್ಲದೆ ಅಂಗಡಿಯವರು ಕೊಟ್ಟಿದ್ದನ್ನೇ ಸಿಂಪಡಿಸುತ್ತಿದ್ದೇವೆ. ಹುಳು ಮಣ್ಣೊಳಗೆ ಇರುವಾಗ ಎಲೆಗೆ ಹೊಡೆದು ಏನು ಬಂತು, ಅಲ್ವಾ?

ಮೆಟಾರೈಜಿಯಂ ಎಂಬ, ಹುಳು ಕೊಲ್ಲುವ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಹಾಕಬೇಕು ಎಂದು ಗೊತ್ತು. ಎಕರೆಗೆ ಎಷ್ಟು, ಯಾವಾಗ, ಕೂಳೆಗೆ ಹೇಗೆ ಎಂದು ಸುಮ್ನೆ ಹೇಳಿದರೆ ಸಾಲದು, ಮಾಡಿ ತೋರಿಸಬೇಕು.

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಊರಿಗೆ ಕರೆಸಿದವರು ಇಲ್ಲಿದ್ದೀರಾ? ಅರ್ಜಿ ಹೇಗೆ ಬರೆದಿರಿ? ಧಾರವಾಡ ಕೃಷಿ ವಿವಿಯ ವಿದ್ಯಾರ್ಥಿಗಳು ಬಂದರೂ ಸರಿ. ಊಟ, ಓಡಾಟ ನಾವು ನೋಡಿಕೊಳ್ಳುತ್ತೇವೆ. ಅಕ್ಕಪಕ್ಕದ ಹೊಲದವರನ್ನೂ ಸೇರಿಸುತ್ತೇನೆ. ದಯವಿಟ್ಟು ತಿಳಿಸಿ.