ನಾಯಿಯ ಕಿವಿಗೆ ಬರುವುದು ಸೋಂಕೇ, ಉರಿಯೂತವೇ?

ಎಲ್ಲರಿಗೂ ನಮಸ್ಕಾರ. ನಾಯಿ ಸಾಕುವವರಿಗಾಗಿ ಕಿವಿಯ ಕಾಯಿಲೆಗಳ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

'ಓಟೈಟಿಸ್ ಎಕ್ಸ್‌ಟರ್ನಾ' ಎಂಬುದನ್ನು ಕನ್ನಡದಲ್ಲಿ ಸಾಮಾನ್ಯವಾಗಿ 'ಕಿವಿ ಸೋಂಕು' ಎಂದೇ ಬರೆಯುತ್ತಾರೆ. ನನಗೆ ಅದು ಅರ್ಧ ಸರಿ ಅನ್ನಿಸುತ್ತದೆ. ನಾಯಿಗಳಲ್ಲಿ ಈ ತೊಂದರೆಯ ಬುಡದಲ್ಲಿ ಬಹಳ ಸಲ ಇರುವುದು ಚರ್ಮದ ಅಲರ್ಜಿ. ಕಿವಿಯೊಳಗಿನ ಚರ್ಮ ಕೆಂಪಾಗಿ ಊದಿಕೊಂಡ ಮೇಲೆ, ಅಲ್ಲೇ ಸುಮ್ಮನಿದ್ದ ಮಲಸೀಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಮತ್ತು ಬ್ಯಾಕ್ಟೀರಿಯಾಗಳು ವಿಪರೀತ ಬೆಳೆಯುತ್ತವೆ. 'ಸೋಂಕು' ಎಂದರೆ ಓದುಗರು ಪಕ್ಕದ ನಾಯಿಯಿಂದ ಅಂಟಿತು ಎಂದುಕೊಳ್ಳುತ್ತಾರೆ, ಹನಿ ಔಷಧ ಹಾಕಿ ಮರೆತುಬಿಡುತ್ತಾರೆ. ಅಲರ್ಜಿ ಹಾಗೇ ಉಳಿಯುತ್ತದೆ, ಕಿವಿ ಮತ್ತೆ ಕೆರಳುತ್ತದೆ. ಆದ್ದರಿಂದ 'ಹೊರಕಿವಿಯ ಉರಿಯೂತ' ಎನ್ನುವುದೇ ನನ್ನ ಒಲವು. 'ಕಿವಿ ಸೋರುವುದು' ಎಂಬ ಆಡುಮಾತು ಚೆನ್ನಾಗಿದೆ, ಆದರೆ ಅದು ಬರೀ ಲಕ್ಷಣ. ಎಷ್ಟೋ ಕಿವಿಗಳು ಸೋರುವುದೇ ಇಲ್ಲ. ಹುಳಿವಾಸನೆಯ ಕಂದು ಜಿಡ್ಡು ಅಷ್ಟೇ.

ನಿಜವಾಗಿಯೂ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವುದು ಮೈಟ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿ. ಕೃಷಿ ಬರಹಗಳಲ್ಲಿ ಅದಕ್ಕೆ 'ನುಸಿ' ಎಂಬ ಮಾತು ನೆಲೆಯಾಗಿದೆ, ಹಾಗಾಗಿ 'ಕಿವಿನುಸಿ' ಎಂದಿಟ್ಟುಕೊಂಡಿದ್ದೇನೆ. ದಯವಿಟ್ಟು 'ಕಿವಿಹುಳ' ಬೇಡ. 'ಕಿವಿಯಲ್ಲಿ ಹುಳ ಬಿದ್ದಿದೆ' ಎಂದರೆ ಗಾಯದಲ್ಲಿ ನೊಣದ ಮರಿಹುಳು ಆದಂತೆ ಕೇಳಿಸುತ್ತದೆ. ಅದರ ಚಿಕಿತ್ಸೆಯೇ ಬೇರೆ. 'ಉಣ್ಣಿ'ಯೂ ಆಗದು, ಅದು ಕಣ್ಣಿಗೆ ಕಾಣುವಷ್ಟು ದೊಡ್ಡದು.

'ಗುಗ್ಗೆ ತೆಗೆಯುವುದು' ಎಂಬ ಮಾತೂ ನನ್ನನ್ನು ಕಾಡುತ್ತಿದೆ. ಓದಿದ ತಕ್ಷಣ ಜನ ಹತ್ತಿಕಡ್ಡಿ ಹಿಡಿಯುತ್ತಾರೆ. ನಾಯಿಯ ಕಿವಿನಾಳ ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಕಡ್ಡಿ ಗುಗ್ಗೆಯನ್ನು ಆ ತಿರುವಿನಾಚೆ ತಳ್ಳುತ್ತದೆ. ಮಾಡಬೇಕಾದ್ದು ಇಷ್ಟು: ಹಾಲೆ ಎತ್ತಿ, ದ್ರಾವಣ ತುಂಬಿ, ಕಿವಿಯ ಬುಡವನ್ನು ಪಚಪಚ ಸದ್ದು ಬರುವಂತೆ ನೀವಿ, ನಾಯಿ ತಲೆ ಕೊಡವಿದ ಮೇಲೆ ಹೊರಬಂದದ್ದನ್ನು ಹತ್ತಿಯಿಂದ ಒರೆಸುವುದು. ಇದಕ್ಕೆ 'ಕಿವಿ ತೊಳೆಯುವುದು' ಸಾಕೇ? ಅದೂ ವೈದ್ಯರು ಒಳಗೆ ನೋಡಿದ ಮೇಲೆ. ಕಿವಿಯ ತಮಟೆ ಹರಿದಿದ್ದರೆ ಕೆಲವು ದ್ರಾವಣ, ಹನಿಗಳಿಂದ ಕಿವುಡು ಬರಬಹುದು. ಯಾವ ಔಷಧ ಎಂಬುದೂ ಗುಗ್ಗೆಯನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಗೊತ್ತಾಗುವುದು. ನಾಯಿ ತಲೆಯನ್ನು ಒಂದೇ ಕಡೆ ವಾಲಿಸಿದ್ದರೆ ತಡ ಮಾಡುವಂತಿಲ್ಲ, ತೊಂದರೆ ಒಳಕಿವಿಗೆ ಇಳಿದಿರಬಹುದು.

ಕೊನೆಯ ಪ್ರಶ್ನೆ. ತಲೆ ಕೊಡವಿ ಕೊಡವಿ ಹಾಲೆಯೊಳಗಿನ ರಕ್ತನಾಳ ಒಡೆದು, ರಕ್ತ ತುಂಬಿ, ಹಾಲೆ ದಿಂಬಿನಂತೆ ಉಬ್ಬುವುದುಂಟು. 'ರಕ್ತಗಂಟು' ಎಂದರೆ ಗಡ್ಡೆ ಎಂದು ಹೆದರುತ್ತಾರೆ. 'ರಕ್ತಬಾವು' ಎನ್ನೋಣವೆಂದರೆ, ಬಾವು ಎಂದಕೂಡಲೇ ಕೀವು ನೆನಪಾಗುತ್ತದೆ, ಇಲ್ಲಿ ಕೀವಿಲ್ಲ. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ.