ಇಳಿದ ತೂಕ ಮರಳಿ ಬಂದರೆ ಸೋತವರು ಯಾರು?

ಪ್ರಶ್ನೆ: ಡೊಂಬಿವಲಿಯ ಓದುಗಿ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಕಾಪುವಿನಿಂದ ಡೊಂಬಿವಲಿಗೆ ಬಂದು ನನಗೆ ಇಪ್ಪತ್ತೆರಡು ವರ್ಷಗಳಾದವು. ಮುಂಬಯಿಯ ಫೋರ್ಟ್ ಕಡೆಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಏಳೂಮುಕ್ಕಾಲರ ಲೋಕಲ್ ಹಿಡಿದು ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ.

ಮೂರು ವರ್ಷಗಳ ಹಿಂದೆ, ಮಂಡಿನೋವಿಗೆ ತೂಕವೇ ಕಾರಣವೆಂದು ವೈದ್ಯರು ಹೇಳಿದ ಮೇಲೆ, ಠಾಣೆಯ ಒಂದು ತೂಕ ಇಳಿಸುವ ಕೇಂದ್ರದಲ್ಲಿ ನಾಲ್ಕು ತಿಂಗಳ ಪ್ಯಾಕೇಜಿಗೆ ಹಣ ಕಟ್ಟಿದೆ. ಬೆಳಿಗ್ಗೆ ಮತ್ತು ರಾತ್ರಿ ಅವರದೇ ಶೇಕ್, ಸಂಜೆ ನಾಲ್ಕಕ್ಕೆ ಅವರದೇ ಓಟ್ಸ್ ಬಿಸ್ಕೆಟ್, ಮಧ್ಯಾಹ್ನ ಮಾತ್ರ ಎರಡು ಚಪಾತಿ ಮತ್ತು ಪಲ್ಯ. ಅನ್ನ ಸಂಪೂರ್ಣ ನಿಷಿದ್ಧ. ಬುದ್ಧಿ ಬಂದಂದಿನಿಂದ ಉಂಡುಕೊಂಡು ಬಂದ ಕುಚ್ಚಲಕ್ಕಿ ಗಂಜಿಯ ಹೆಸರೆತ್ತಿದರೆ ಅಲ್ಲಿಯ ಸಲಹೆಗಾರ್ತಿ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ಒಂಬತ್ತು ಕೆಜಿ ಇಳಿಯಿತು, ಎಲ್ಲರೂ ಹೊಗಳಿದರು. ಆದರೆ ಆ ನಾಲ್ಕು ತಿಂಗಳು ನಾನು ಲೆಡ್ಜರ್ ನೋಡುತ್ತಿದ್ದರೂ ಮನಸ್ಸಿನಲ್ಲಿ ಓಡುತ್ತಿದ್ದದ್ದು ಊಟದ ಯೋಚನೆಯೇ. ಪ್ಯಾಕೇಜ್ ಮುಗಿದು ಹದಿನಾಲ್ಕು ತಿಂಗಳಾಗುವಷ್ಟರಲ್ಲಿ ಹನ್ನೊಂದು ಕೆಜಿ ಏರಿತು. ಮತ್ತೆ ಅಲ್ಲಿಗೇ ಹೋದಾಗ, "ನಿಮ್ಮಲ್ಲಿ ಶಿಸ್ತು ಸಾಲದು" ಎಂದು ಹೇಳಿ, ಹಳೆಯ ಗ್ರಾಹಕಳೆಂದು ಹೊಸ ಪ್ಯಾಕೇಜಿನಲ್ಲಿ ರಿಯಾಯಿತಿ ಕೊಡಲು ಮುಂದಾದರು.

ಆ ದಿನದಿಂದ ನನ್ನನ್ನು ಒಂದೇ ಪ್ರಶ್ನೆ ಕಾಡುತ್ತಿದೆ. ಇದು ನಿಜವಾಗಿಯೂ ನನ್ನ ಮನೋಬಲದ ಕೊರತೆಯೇ? ಅಥವಾ ತಿನ್ನಿಸುವವರೂ ತಿನ್ನಬೇಡಿ ಎನ್ನುವವರೂ ಸೇರಿ ನಡೆಸುವ ವ್ಯಾಪಾರದಲ್ಲಿ ನಾನು ಸೋಲುವುದು ಮೊದಲೇ ಲೆಕ್ಕಕ್ಕೆ ಸೇರಿದೆಯೇ? ದಯವಿಟ್ಟು ಹೊಸ ಡಯಟ್ ಪಟ್ಟಿ ಕೊಡಬೇಡಿ. ಅಂತಹವು ನನ್ನ ಫೋನಿನಲ್ಲಿ ಬೇಕಾದಷ್ಟಿವೆ.

ಉತ್ತರ 1: ಪುಣೆಯ ಆಹಾರತಜ್ಞೆ

ಅಕ್ಕಾ, ನಾನು ಕೊಥ್ರೂಡಿನಲ್ಲಿ ಹನ್ನೆರಡು ವರ್ಷಗಳಿಂದ ಇದೇ ವೃತ್ತಿಯಲ್ಲಿದ್ದೇನೆ. ಆದ್ದರಿಂದ ನನ್ನ ಮಾತಿನಲ್ಲಿಯೂ ಸ್ವಲ್ಪ ಸ್ವಾರ್ಥವಿರಬಹುದೆಂದು ಮೊದಲೇ ಹೇಳಿಬಿಡುತ್ತೇನೆ.

ದಿನವಿಡೀ ಊಟದ ಯೋಚನೆಯೇ ಆಗುತ್ತಿತ್ತು ಎಂದಿರಲ್ಲ, ಅದು ಶಿಸ್ತಿನ ದೋಷವಲ್ಲವೆಂಬುದು ಎಂಬತ್ತು ವರ್ಷಗಳ ಹಿಂದೆಯೇ ದಾಖಲಾಗಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಸಿವಿನಿಂದ ಬಳಲಿದ ಯುರೋಪಿನ ಜನರನ್ನು ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕೆಂದು ತಿಳಿಯಲು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಶಸ್ತ್ರ ಹಿಡಿಯಲು ಒಪ್ಪದ 36 ಯುವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ದಿನಕ್ಕೆ ಅವರಿಗೆ ಸಿಗುತ್ತಿದ್ದದ್ದು ಸುಮಾರು 1,570 ಕ್ಯಾಲೊರಿ. ಆರೋಗ್ಯವಂತರಾಗಿದ್ದ ಆ ಹುಡುಗರು ಕೆಲವೇ ವಾರಗಳಲ್ಲಿ ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕತೊಡಗಿದರು, ಕನಸಿನಲ್ಲಿಯೂ ಊಟವನ್ನೇ ಕಂಡರು. ಪ್ರಯೋಗ ಮುಗಿದ ಮೇಲೆ ಹೊಟ್ಟೆ ತುಂಬಿದರೂ ತಿನ್ನುವುದನ್ನು ನಿಲ್ಲಿಸಲಾಗದವರು ಅವರಲ್ಲಿದ್ದರು. ನನ್ನ ಬಳಿಗೆ ಬರುವ ಹೆಂಗಸರು ಬೇರೆ ಕೇಂದ್ರಗಳಿಂದ ತರುವ ಪಟ್ಟಿಗಳಲ್ಲಿ ಹೆಚ್ಚಿನವು 1,200 ಕ್ಯಾಲೊರಿಯವು ಎಂದರೆ ನಿಮಗೆ ಅಂದಾಜಾಗಬಹುದು.

ತೂಕ ಮರಳುವುದಕ್ಕೂ ದೇಹದಲ್ಲಿ ಕಾರಣಗಳಿವೆ. ಅಮೆರಿಕದ ಒಂದು ಟೀವಿ ಸ್ಪರ್ಧೆಯಲ್ಲಿ ವಿಪರೀತ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುತ್ತಿದ್ದ ಶಕ್ತಿ ಅವರ ಗಾತ್ರಕ್ಕೆ ನಿರೀಕ್ಷಿಸಬಹುದಾದ ಪ್ರಮಾಣಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆಯಿತ್ತು. ಬರಗಾಲ ಬಂದಿತೆಂದು ಭಾವಿಸಿದ ದೇಹ ಖರ್ಚನ್ನು ಬಿಗಿಹಿಡಿಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಕೇಂದ್ರದವರು ಇದನ್ನು ತಿಳಿಯದವರೇನಲ್ಲ. ಆದರೆ ಇಳಿದ ಒಂಬತ್ತು ಕೆಜಿಗೆ ತಮ್ಮ ಹೆಸರು, ಏರಿದ ಹನ್ನೊಂದಕ್ಕೆ ನಿಮ್ಮ ಹೆಸರು ಬರೆದುಕೊಳ್ಳುವುದು ಆ ವ್ಯಾಪಾರದ ಲೆಕ್ಕಪದ್ಧತಿ. ಲೆಕ್ಕಪತ್ರ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ನಮ್ಮ ಪುಣೆಯದು. ಇಲ್ಲಿಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯಡ್ಕಿನ್ ಅವರೊಂದಿಗೆ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3, ಆದರೆ ಯಾಜ್ಞಿಕರ ಮೈಯಲ್ಲಿ ಕೊಬ್ಬು 21.2 ಪ್ರತಿಶತ, ಯಡ್ಕಿನ್‌ರ ಮೈಯಲ್ಲಿ 9.1 ಮಾತ್ರ. ತೆಳ್ಳಗೆ ಕಾಣುವ ಭಾರತೀಯನ ಒಳಗೂ ಕೊಬ್ಬು ಅಡಗಿರುತ್ತದೆ ಎಂಬ ಈ ಅರಿವಿನಿಂದ ನಮ್ಮಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಗಡಿಯನ್ನು ಕೆಳಗಿಳಿಸಲಾಗಿದೆ. ವೈದ್ಯಕೀಯವಾಗಿ ಅದು ಸರಿಯೇ. ಆದರೆ ಮಧುಮೇಹವನ್ನು ಬೇಗ ಗುರುತಿಸಲೆಂದು ಮಾಡಿದ ಈ ಗಡಿಯನ್ನು ಕೇಂದ್ರಗಳು ಗ್ರಾಹಕರನ್ನು ಹೆದರಿಸಿ ಹಣ ಕಟ್ಟಿಸಲು ಬಳಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಬಿಪಿ ಇವನ್ನು ನೋಡದೆ ತೂಕದ ಯಂತ್ರವೊಂದನ್ನೇ ತೋರಿಸುವವರಿಂದ ದೂರವಿರಿ.

ಉತ್ತರ 2: ಮುಲುಂಡಿನ ನಿವೃತ್ತ

ಮೂವತ್ತೊಂದು ವರ್ಷ ಆಹಾರ ಕಂಪನಿಗಳ ಮಾರಾಟ ವಿಭಾಗದಲ್ಲಿ ದುಡಿದವನು ನಾನು. ಯಾವ ಕಂಪನಿಯೆಂದು ಕೇಳಬೇಡಿ, ಪಿಂಚಣಿಯಿಲ್ಲದಿದ್ದರೂ ಋಣವಿದೆ.

ಸಹೋದರಿಯವರ ಎರಡನೆಯ ಪ್ರಶ್ನೆಗೆ, ಅಂದರೆ ತಿನ್ನಿಸುವವರೂ ಬೇಡವೆನ್ನುವವರೂ ಒಂದೇ ಮನೆಯವರೇ ಎಂಬುದಕ್ಕೆ, ಉತ್ತರ ಸಾರ್ವಜನಿಕ ದಾಖಲೆಗಳಲ್ಲಿಯೇ ಇದೆ. ಕೆಚಪ್ಪಿನ ಹೈಂಜ್ ಕಂಪನಿ 1978ರಲ್ಲಿ ವೇಟ್ ವಾಚರ್ಸ್ ಎಂಬ ತೂಕ ಇಳಿಸುವ ಸಂಸ್ಥೆಯನ್ನು ಕೊಂಡು 1999ರವರೆಗೆ ನಡೆಸಿತು. ನೆಸ್ಲೆ 2006ರಲ್ಲಿ ಜೆನ್ನಿ ಕ್ರೇಗ್ ಎಂಬ ತೂಕ ಇಳಿಸುವ ಸಂಸ್ಥೆಯನ್ನು ಕೊಂಡಿತು. ಯೂನಿಲಿವರ್‌ದು ಇನ್ನೂ ಸೊಗಸು: 2000ದ ಏಪ್ರಿಲಿನಲ್ಲಿ ಒಂದೇ ದಿನ ಬೆನ್ ಆ್ಯಂಡ್ ಜೆರ್ರೀಸ್ ಐಸ್‌ಕ್ರೀಮನ್ನೂ ಸ್ಲಿಮ್‌ಫಾಸ್ಟ್ ಎಂಬ ತೂಕ ಇಳಿಸುವ ಶೇಕನ್ನೂ ಕೊಳ್ಳುವುದಾಗಿ ಪ್ರಕಟಿಸಿತು. ಇದರಲ್ಲಿ ಒಳಸಂಚೇನೂ ಇಲ್ಲ. ನಿಮ್ಮನ್ನು ಸೋಲಿಸಬೇಕೆಂದು ಯಾವ ಸಭೆಯಲ್ಲಿಯೂ ಯಾರೂ ಹೇಳುವುದನ್ನು ನಾನು ಕೇಳಲಿಲ್ಲ. ಪಶ್ಚಾತ್ತಾಪಪಡುವ ಗ್ರಾಹಕನ ಹಣ ಬೇರೆಯವರ ಗಲ್ಲಾಪೆಟ್ಟಿಗೆಗೆ ಏಕೆ ಹೋಗಬೇಕು ಎಂಬ ಸರಳ ವ್ಯಾಪಾರಬುದ್ಧಿ ಸಾಕಾಗುತ್ತದೆ.

ನಮ್ಮಲ್ಲಿ ನಿಜವಾದ ಆಟ ನಡೆಯುವುದು ಕಿರಾಣಿ ಅಂಗಡಿಯಲ್ಲಿ. ಐದು ರೂಪಾಯಿಯ ಪ್ಯಾಕೆಟ್ ಎಂಬುದು ನಮ್ಮ ಧರ್ಮಗ್ರಂಥವಾಗಿತ್ತು. ಎಣ್ಣೆಯ, ಮೈದಾದ ಬೆಲೆ ಏರಿದರೆ ಗ್ರಾಂ ಇಳಿಸುತ್ತಿದ್ದೆವು, ಐದು ರೂಪಾಯಿಯನ್ನು ಮುಟ್ಟುತ್ತಿರಲಿಲ್ಲ, ಏಕೆಂದರೆ ಆ ನಾಣ್ಯವಿರುವುದು ಮಕ್ಕಳ ಕೈಯಲ್ಲಿ. ಪ್ಯಾಕೆಟ್ಟಿನ ಸರವನ್ನು ಅಂಗಡಿಯ ಬಾಗಿಲಲ್ಲೇ, ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ತೂಗುಹಾಕುವಂತೆ ಮಾಡಲು ಅಂಗಡಿಯವರಿಗೆ ಸ್ಕೀಮ್, ಅಂದರೆ ಹೆಚ್ಚುವರಿ ಲಾಭ, ಕೊಡುತ್ತಿದ್ದೆವು. ಸ್ಟೇಷನ್ನಿನಿಂದ ಮನೆಗೆ ನಡೆಯುವ ಹತ್ತು ನಿಮಿಷದ ದಾರಿಯಲ್ಲಿ, ಹಸಿದ ಹೊಟ್ಟೆಯವರ ಮುಂದೆ ಇಂತಹ ಎಷ್ಟು ಸರಗಳು ತೂಗಾಡುತ್ತವೆ ಎಂದು ಒಮ್ಮೆ ಎಣಿಸಿ ನೋಡಿ. ಬಾಳೆಹಣ್ಣಿನ ಗಾಡಿಯವನಿಗೆ ಸ್ಕೀಮ್ ಕೊಡುವವರು ಯಾರು?

2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನಡೆಸಿದ ಪ್ರಯೋಗವನ್ನು ನಿವೃತ್ತನಾದ ಮೇಲೆ ಓದಿದೆ. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ. ಬಡಿಸಿದ ಎರಡರಲ್ಲಿಯೂ ಸಕ್ಕರೆ, ಕೊಬ್ಬು, ನಾರು ಸರಿಸಮ; ಬೇಕಾದಷ್ಟು ತಿನ್ನಬಹುದು. ಕಾರ್ಖಾನೆಯ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ತೂಕವೂ ಸುಮಾರು ಒಂದು ಕೆಜಿ ಏರಿತು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಅದೇ ಜನ, ಅದೇ ಮನೋಬಲ. ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಉತ್ತರ 3: ಮಾಟುಂಗಾದ ಹೋಟೆಲಿನವ

ಮೇಲಿನವರ ಮಾತುಗಳನ್ನು ಗೌರವಿಸುತ್ತಲೇ ಸ್ವಲ್ಪ ತಕರಾರು ಎತ್ತುತ್ತೇನೆ. ಎಲ್ಲವನ್ನೂ ಪ್ಯಾಕೆಟ್ಟಿನ ತಲೆಗೆ ಕಟ್ಟುವುದು ಸುಲಭ. ಅಜ್ಜನ ಕಾಲದಿಂದ ಉಡುಪಿ ಹೋಟೆಲು ನಡೆಸುವ ನಾವೇನು ಕಡಿಮೆಯೇ? ನನ್ನ ತಂದೆಯವರು ದೋಸೆಗೆ ಬೆಣ್ಣೆಯನ್ನು ಚಮಚದ ತುದಿಯಲ್ಲಿ ಹಾಕುತ್ತಿದ್ದರು. ಈಗ ಬೆಣ್ಣೆಯ ಉಂಡೆ, ಅದರ ಮೇಲೆ ತುರಿದ ಚೀಸ್ ಕಾಣದಿದ್ದರೆ ಗಿರಾಕಿ ಫೋಟೋ ತೆಗೆಯುವುದಿಲ್ಲ. ಇಡ್ಲಿ ಕೇಳುವವರು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವ ಹಿರಿಯರು ಮಾತ್ರ. ವಡಾಪಾವನ್ನು ಯಾವ ಬಹುರಾಷ್ಟ್ರೀಯ ಕಂಪನಿಯೂ ನಮಗೆ ಕಲಿಸಿಕೊಡಲಿಲ್ಲ.

ಆದರೂ ಒಂದನ್ನು ಒಪ್ಪಬೇಕು. ನನ್ನ ಹೋಟೆಲಿನಲ್ಲಿ ಗಾಜಿನ ಬಾಗಿಲಿನ ಒಂದು ಕೂಲರ್ ಇದೆ, ನಾನು ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ. ತಂಪು ಪಾನೀಯದ ಕಂಪನಿಯವರು ತಂದಿಟ್ಟರು. ಅದರಲ್ಲಿ ಅವರ ಬಾಟಲಿಗಳನ್ನೇ ಇಡಬೇಕು, ಅದು ಬಾಗಿಲಿನಿಂದಲೇ ಕಾಣಬೇಕು ಎಂಬುದು ಷರತ್ತು. ಮಜ್ಜಿಗೆಯ ಪಾತ್ರೆ ಒಳಗೆ ಅಡುಗೆಮನೆಯ ಫ್ರಿಜ್ಜಿಗೆ ಹೋಯಿತು. ಒಂದೇ ಬೇಸಿಗೆಯಲ್ಲಿ ಮಜ್ಜಿಗೆಯ ಮಾರಾಟ ಅರ್ಧಕ್ಕಿಳಿಯಿತು. ರುಚಿ ಬದಲಾಗಿರಲಿಲ್ಲ, ಜಾಗ ಬದಲಾಗಿತ್ತು. ಇನ್ನು ಮೊಬೈಲಿನಲ್ಲಿ ಆರ್ಡರ್ ಬರತೊಡಗಿದ ಮೇಲೆ, ಒಂದು ದೋಸೆಗೆ ಕಮಿಷನ್ ಕೊಟ್ಟು ನಮಗೇನೂ ಉಳಿಯುವುದಿಲ್ಲವಾದ್ದರಿಂದ, ನಾವೇ ಕಾಂಬೋ ಮಾಡುತ್ತೇವೆ: ದೋಸೆ, ವಡೆ, ಗುಲಾಬ್ ಜಾಮೂನು. ಒಬ್ಬರೇ ಇರುವವರೂ ಅದನ್ನೇ ತರಿಸುತ್ತಾರೆ. ನನ್ನನ್ನು ಬೈಯುವವರು ಬೈಯಬಹುದು, ಬಾಡಿಗೆ ಕಟ್ಟುವವನು ನಾನು.

ಉತ್ತರ 4: ಮಡಗಾಂವಿನ ಮೇಷ್ಟ್ರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ 2023ರ ವರದಿಯಲ್ಲಿ ಮಧುಮೇಹದ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ನಮ್ಮ ಗೋವಾ, 26.4 ಪ್ರತಿಶತ, ದೇಶದ ಸರಾಸರಿ 11.4. ಆದ್ದರಿಂದ ಈ ಚರ್ಚೆ ನಮಗೆ ಮನೆಬಾಗಿಲಿನದು.

ಕುಚ್ಚಲಕ್ಕಿ ಗಂಜಿ ಶತ್ರುವಾದ ಬಗೆಯ ಕುರಿತು ಒಂದು ಟಿಪ್ಪಣಿ. ಇಂತಹ ಶತ್ರುಗಳು ಕಾಲಕಾಲಕ್ಕೆ ನೇಮಕವಾಗುತ್ತಾರೆ. 1967ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಹೃದಯರೋಗಕ್ಕೆ ಕೊಬ್ಬನ್ನು ಮುಖ್ಯ ಅಪರಾಧಿಯಾಗಿಸಿ ಸಕ್ಕರೆಯ ಪಾತ್ರವನ್ನು ಹಗುರಮಾಡಿದ ಲೇಖನ ಬಂತು. ಅದನ್ನು ಬರೆದ ಹಾರ್ವರ್ಡ್ ವಿದ್ವಾಂಸರಿಗೆ ಸಕ್ಕರೆ ಉದ್ಯಮದ ಸಂಘ 6,500 ಡಾಲರ್ ಕೊಟ್ಟಿತ್ತೆಂಬುದು ಹೊರಬಂದದ್ದು 2016ರಲ್ಲಿ. ಆಗ ಬೆಣ್ಣೆ ಹೋಗಿ ಕೊಬ್ಬು ಕಡಿಮೆಯೆಂಬ ಬಿಸ್ಕೆಟ್ ಬಂತು, ಈಗ ಅನ್ನ ಹೋಗಿ ಶೇಕ್ ಬರುತ್ತಿದೆ. ನಿಷೇಧಿಸಿದ ಪ್ರತಿಯೊಂದರ ಜಾಗದಲ್ಲಿ ಮಾರಲು ಏನೋ ಒಂದು ಸಿದ್ಧವಿರುತ್ತದೆ.

ಸರ್ಕಾರ ಮನಸ್ಸು ಮಾಡಿದರೆ ಬದಲಾವಣೆ ಸಾಧ್ಯವೆಂಬುದಕ್ಕೆ ಚಿಲಿ ದೇಶ ಸಾಕ್ಷಿ. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣದ ಮುಂಭಾಗದಲ್ಲಿ ಕಪ್ಪು ಅಷ್ಟಕೋನದ ಎಚ್ಚರಿಕೆ ಕಡ್ಡಾಯ. ಶಾಲೆಗಳಲ್ಲಿ ಅಂಥವುಗಳ ಮಾರಾಟಕ್ಕೂ ಮಕ್ಕಳನ್ನು ಗುರಿಯಾಗಿಸುವ ಜಾಹೀರಾತಿಗೂ ತಡೆಯಿದೆ. ಕಾನೂನು ಬಂದ ಸುಮಾರು ಒಂದೂವರೆ ವರ್ಷದಲ್ಲಿ ಸಕ್ಕರೆ ಹೆಚ್ಚಿರುವ ಪಾನೀಯಗಳ ಖರೀದಿ ಸುಮಾರು 24 ಪ್ರತಿಶತ ಇಳಿಯಿತು. ನಮ್ಮಲ್ಲಿ 2022ರ ಕರಡು ನಿಯಮದಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಎಚ್ಚರಿಕೆಯ ಬದಲು ನಕ್ಷತ್ರಗಳ ಅಂಕವನ್ನು ಸೂಚಿಸಿತು. ಒಂದು ನಕ್ಷತ್ರವಿದ್ದರೂ ಅದು ಬಹುಮಾನದಂತೆಯೇ ಕಾಣುತ್ತದೆ ಎಂಬುದನ್ನು ನೋಟ್‌ಬುಕ್ಕಿಗೆ ನಕ್ಷತ್ರ ಹಾಕಿದ ಯಾವ ಮೇಷ್ಟ್ರೂ ಹೇಳಿಯಾನು.

ಡೊಂಬಿವಲಿಯ ಓದುಗಿ, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕೇಂದ್ರದ ಓಟ್ಸ್ ಬಿಸ್ಕೆಟ್ಟಿನ ಉಳಿದಿದ್ದ ಪೊಟ್ಟಣವನ್ನು ತೆಗೆದು ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆಎಣ್ಣೆ, ಓಟ್ಸ್ ನಾಲ್ಕನೆಯದು. ಒಂದು ಸರ್ವಿಂಗ್ ಎಂದರೆ ಎರಡು ಬಿಸ್ಕೆಟ್ ಎಂದಿದೆ, ಪೊಟ್ಟಣದಲ್ಲಿರುವುದು ಆರು. ತೆರೆದರೆ ಮೆತ್ತಗಾಗುವುದರಿಂದ ನಾನು ಆರನ್ನೂ ತಿನ್ನುತ್ತಿದ್ದೆ. ಮುಲುಂಡಿನ ಹಿರಿಯರೇ, ಸರ್ವಿಂಗ್ ಎರಡೇ ಎಂದು ತೀರ್ಮಾನಿಸುವವರು ಯಾರು?

ಮುಲುಂಡಿನ ನಿವೃತ್ತ

ತಯಾರಕರೇ, ತಾಯಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರಬೇಕೆಂಬ ನಿಯಮವಿರುವುದರಿಂದ ಮೈದಾ ಮೊದಲು ಬಂದಿದೆ. ಅದನ್ನು ಮರೆಮಾಚಲು ಬರುವುದಿಲ್ಲ. ಸರ್ವಿಂಗನ್ನು ಮಾತ್ರ ಕ್ಯಾಲೊರಿ ಚಿಕ್ಕದಾಗಿ ಕಾಣುವಷ್ಟು ಕತ್ತರಿಸಬಹುದು. ನೂರು ಗ್ರಾಮಿಗೆ ಎಷ್ಟು ಎಂಬ ಕಾಲಂ ಪಕ್ಕದಲ್ಲೇ ಇರುತ್ತದೆ, ಅದನ್ನು ಓದಿ. ನಾವು ಆ ಕಾಲಂ ಆದಷ್ಟು ಮಡಿಕೆಯ ಒಳಗೆ ಬೀಳುವಂತೆ ನೋಡಿಕೊಳ್ಳುತ್ತಿದ್ದೆವು. ಪೊಟ್ಟಣವನ್ನು ಹರಿಯುವ ಮೊದಲು ಮಡಿಕೆ ಬಿಡಿಸಿ.